ಬಾರ್ಬೇರಾ ಬಲ್ಲ ಬಾಯಮ್ಮ

ಬಾಯಮ್ಮ ಊರಿನಲ್ಲಿ ತೀರಿಕೊಂಡ ಸುದ್ದಿ ಬಂದ ವಾರ ಇಲ್ಲಿ ಕುವೈತಿನ ಖೈತಾನಿನಲ್ಲಿ ಅವರಿಗಾಗಿ ಒಂದು ಪ್ರಾರ್ಥನೆ ಇಟ್ಟಿದ್ದರು. ನಾನೂ ಹೋಗಿದ್ದೆ. ಪ್ರಾರ್ಥನೆ ಮುಗಿದು ಚಹಾ ಕೊಡುವಾಗ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಬಿಸ್ಕತ್ತು ಅದ್ದುತ್ತಾ ಹೇಳಿದಳು: “ಒಳ್ಳೆ ಹೆಂಗಸು. ಅಡಿಗೆಯೂ ಒಳ್ಳೇದು. ಆದ್ರೆ ಕೈ ಸರಿ ಇರ್ಲಿಲ್ಲಂತೆ. ಹೋಟ್ಲಿಂದ ಕದ್ದದ್ದಕ್ಕೇ ಅಲ್ವಾ ಕಳಿಸಿದ್ದು.”

ನಾನು ಉತ್ತರ ಕೊಡದೆ ಬಿಡುವವಳಲ್ಲ, ಮಗಳು ಕೂಡ ತಿರುಗಿ ನೋಡಿದಳು. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಯಾರ ಬಗ್ಗೆಯಾದರೂ ಬರೆದು ಕೊಡಿ ಎಂದು ಹುಡುಗರು ಕೇಳುತ್ತಲೇ ಇದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದಾದರೆ ಬಾಯಮ್ಮನ ಬಗ್ಗೆಯೇ ಬರೆಯುತ್ತೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಲಿ, ವಿಷಯ ತಿದ್ದುವುದು ಬೇಡ.

ಬಾಯಮ್ಮ ಎನ್ನುವುದು ಹೆಸರಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು. ಅವರಿಗೊಂದು ಉದ್ದದ ಹೆಸರಿತ್ತು, ಇಲ್ಲಿ ಅದು ಬೇಡ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಅವರಿಗೂ ತುಳು ಚೆನ್ನಾಗಿ ಬರುತ್ತಿದ್ದುದರಿಂದ ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಅದನ್ನು ಕನ್ನಡದಲ್ಲಿ ಹಾಕುತ್ತಿದ್ದೇನೆ.

ಮಗಳ ಫ್ಲ್ಯಾಟಿನಲ್ಲಿ ಒಂದು ರೂಮನ್ನು ಅವರಿಗೆ ಶೇರಿಂಗಿಗೆ ಕೊಟ್ಟಿದ್ದೆವು. ಖೈತಾನಿನಲ್ಲಿ ಎಲ್ಲರೂ ಮಾಡುವುದೇ ಅದು. ಅವರಿಗೆ ಸಾಲ್ಮಿಯಾದ ಒಂದು ಇಟಾಲಿಯನ್ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಮಧ್ಯಾಹ್ನದ ಮೇಲೆ ಹೊರಟರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಬರುತ್ತಿದ್ದರು. ಅಳಿಯನಿಗೆ ಶುಐಬಾದಲ್ಲಿ ಶಿಫ್ಟು, ಮಗಳಿಗೆ ಆಫೀಸು, ಮೊಮ್ಮಗಳಿಗೆ ಶಾಲೆ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಮನೆಯಲ್ಲಿ ಉಳಿಯುತ್ತಿದ್ದದ್ದು ನಾವಿಬ್ಬರು ಮತ್ತು ಏಸಿಯ ಸದ್ದು.

ಎತ್ತರದ, ಮೂಳೆ ಕಾಣುವ ಹೆಂಗಸು. ಕೂದಲಿಗೆ ಬಣ್ಣ ಹಾಕುತ್ತಿರಲಿಲ್ಲ. ನಡೆದರೆ ಸದ್ದೇ ಇಲ್ಲ, ರೋಗಿಗಳಿರುವ ಮನೆಯಲ್ಲಿ ಬಹಳ ಕಾಲ ಇದ್ದವರ ನಡಿಗೆ. ಬಂದ ಮೊದಲ ದಿನವೇ ನಾನು ಕೇಳಿದೆ.

“ಮದುವೆ ಆಗಿದೆಯಾ?”

“ಇಲ್ಲ.”

“ಯಾಕೆ?”

“ಯಾರೂ ಕೇಳ್ಲಿಲ್ಲ ಅಕ್ಕ.”

ಉತ್ತರ ನನಗೆ ಹಿಡಿಸಿತು. ಬೇರೆಯವರಾದರೆ ದೇವರು, ಮನೆಯ ಜವಾಬ್ದಾರಿ ಎಂದು ಅರ್ಧ ಗಂಟೆ ಹೇಳುತ್ತಿದ್ದರು.

ಕುವೈತಿಗೆ ಬರುವ ಮೊದಲು ಅವರು ಇಟಲಿಯಲ್ಲಿದ್ದವರು. ಸಿಸ್ಟರುಗಳ ಮುಖಾಂತರ ಹೋಗಿ, ಗುಡ್ಡದ ಮೇಲಿನ ಒಂದು ಸಣ್ಣ ಊರಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಆ ಮುದುಕಿಯನ್ನು ಇವರು ‘ನೋನಾ’ ಎನ್ನುತ್ತಿದ್ದರು. ಅಲ್ಲಿ ಅಜ್ಜಿಗೆ ಹಾಗೆ ಹೇಳುವುದಂತೆ. ಸುತ್ತ ದ್ರಾಕ್ಷಿ ತೋಟ, ಮನೆಯ ಕೆಳಗೆ ನೆಲಮಾಳಿಗೆ, ಅದರಲ್ಲಿ ವೈನು. ನೋನಾ ಸತ್ತಳು, ಮಕ್ಕಳು ಮನೆ ಮಾರಿದರು, ಬಾಯಮ್ಮ ಸೂಟ್‌ಕೇಸ್ ತೆಗೆದುಕೊಂಡು ಹೊರಟರು. ಊರಿನಲ್ಲಿ ತಮ್ಮನಿದ್ದ, ಅವನ ಮನೆಯಲ್ಲಿ ಇವರಿಗೆ ಜಾಗವಿರಲಿಲ್ಲ. ಆ ಮುದುಕಿಗೆ ಅಡುಗೆ ಮಾಡಿ ಹಾಕಿ ಕಲಿತದ್ದೇ ಕುವೈತಿನಲ್ಲಿ ಅನ್ನಕ್ಕೆ ದಾರಿಯಾಯಿತು.

ಒಂದು ಬೆಳಿಗ್ಗೆ ನಾನು ಗೋಳಿಬಜೆ ಕರಿಯುತ್ತಿದ್ದೆ. ಬಾಯಮ್ಮ ಒಂದನ್ನು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, “ಇದಕ್ಕೆ ಬಾರ್ಬೇರಾ ಸೇರ್ತದೆ” ಎಂದರು.

“ಅದೆಂತದು? ಚಟ್ನಿಯಾ?”

“ವೈನ್ ಅಕ್ಕ. ಕೆಂಪು ವೈನ್.”

“ನಮ್ಮ ಮನೇಲಿ ಆ ಮಾತು ಬೇಡ,” ಎಂದೆ. “ನನ್ನ ಗಂಡ ಕುಡಿದೇ ಸತ್ತದ್ದು. ಕುಡಿತದ ಜೊತೆ ಸೇರುವುದು ಹೊಡೆತ ಅಂತ ಮಾತ್ರ ನಂಗೆ ಗೊತ್ತು. ಮತ್ತೆ ಈ ದೇಶದಲ್ಲಿ ಒಂದು ಹನಿ ಸಿಕ್ಕಿದ್ರೆ ಜೈಲು.”

“ನಾನೇನು ಬಾಟ್ಲಿ ತಂದಿದ್ದೇನಾ? ಮಾತು ತಂದದ್ದು ಅಷ್ಟೇ.”

ನಗು ಬಂತು, ತೋರಿಸಲಿಲ್ಲ. ಇನ್ನೊಂದು ಬಜೆ ಕೊಟ್ಟೆ.

ಆ ವೈನು ಎಂಥದ್ದೆಂದು ನನಗೆ ಅರ್ಥವಾದದ್ದು ಪುನರ್ಪುಳಿಯಿಂದ. ಊರಿನಿಂದ ತಂದ ಒಣಗಿದ ಸಿಪ್ಪೆಯನ್ನು ನೆನೆಸಿ ಶರಬತ್ತು ಮಾಡಿದ್ದೆ. ಬಾಯಮ್ಮ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದರು. ಅದು ಅವರ ಅಭ್ಯಾಸ. ಪಾತ್ರೆ ತೊಳೆಯುವಾಗ ಖಾಲಿ ಲೋಟವನ್ನೂ ಹಾಗೇ ಎತ್ತಿ ನೋಡುತ್ತಿದ್ದರು. “ಬಣ್ಣ ಇದೇ,” ಎಂದರು. “ಕೆಲಸವೂ ಇದೇ. ನೀವು ತುಪ್ಪದ ಊಟ ಆದ ಮೇಲೆ ಇದನ್ನು ಯಾಕೆ ಕುಡೀತೀರಿ?”

“ನಾಲಿಗೆಯ ಜಿಡ್ಡು ಹೋಗ್ಲಿಕ್ಕೆ.”

“ಅಷ್ಟೇ. ಬಾರ್ಬೇರಾ ಮಾಡುವುದೂ ಅದನ್ನೇ. ಕೆಲವು ಕೆಂಪು ವೈನು ಕುಡಿದ್ರೆ ಹಸಿ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಗರಾಗ್ತದೆ. ಇದು ಹಾಗಲ್ಲ. ಇದರದ್ದು ಒಗರಲ್ಲ, ಹುಳಿ. ಕೊಬ್ಬು ಇರುವಲ್ಲಿ ಇದಕ್ಕೆ ಕೆಲಸ.”

ಅಲ್ಲಿಂದ ನಮಗೆ ಅದೊಂದು ಆಟವಾಯಿತು. ನಾನು ಏನು ಮಾಡಿದರೂ ಇದಕ್ಕೆ ಸೇರುತ್ತದಾ ಎಂದು ಕೇಳುವುದು, ಅವರು ನ್ಯಾಯ ಹೇಳುವುದು. ಕೋರಿ ರೊಟ್ಟಿಗೆ ಸೇರುತ್ತದೆ, ತೆಂಗಿನ ಹಾಲಿನ ಜಿಡ್ಡಿದೆ, ಆದರೆ ಮೆಣಸು ಅರ್ಧ ಮಾಡಬೇಕು. ಬಂಗುಡೆ ಪುಳಿಮುಂಚಿಗೆ ಖಂಡಿತ ಇಲ್ಲ. ಸಾರು ವೈನಿಗಿಂತ ಹುಳಿಯಾದರೆ ವೈನು ನೀರಾಗುತ್ತದಂತೆ. ಅದೇ ಬಂಗುಡೆಯನ್ನು ಎಣ್ಣೆಯಲ್ಲಿ ಹುರಿದರೆ ಆಗಬಹುದು. ಕೆಳಗಿನ ಹೋಟೆಲಿನಿಂದ ಅಳಿಯ ತರುವ ಕುರಿಮಾಂಸದ ಮಜ್ಬೂಸ್ ಅನ್ನಕ್ಕೆ, ಅದರ ಜೊತೆ ಕೊಡುವ ಟೊಮೆಟೊ ಗೊಜ್ಜು ಹಾಕಿಕೊಂಡು ತಿಂದರೆ, ಅದರಷ್ಟು ಒಳ್ಳೆಯ ಜೋಡಿ ಇನ್ನೊಂದಿಲ್ಲವಂತೆ. ಪಾಯಸಕ್ಕೆ ಎಂದು ಕೇಳಿದೆ. ಮುಖ ಸಿಂಡರಿಸಿದರು.

“ನೀವು ಪಾಯಸದ ಜೊತೆ ಉಪ್ಪಿನಕಾಯಿ ತಿಂತೀರಾ?”

“ತಿಂತೇನೆ,” ಎಂದೆ. ಸುಳ್ಳಲ್ಲ, ತಿನ್ನುತ್ತೇನೆ.

ನೋನಾಳ ಮನೆಯ ಊಟದ ಕತೆ ಕೇಳಿ ಕೇಳಿ ನನಗೆ ಆ ಅಡುಗೆಮನೆ ಕಾಣುವಷ್ಟಾಗಿತ್ತು. ಚಳಿಗಾಲದಲ್ಲಿ ಉಪ್ಪು ಹಾಕಿದ ಸಣ್ಣ ಮೀನನ್ನು ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಕರಗಿಸಿ, ಬಿಸಿ ಇರುವಾಗಲೇ ತರಕಾರಿ ಅದ್ದಿ ತಿನ್ನುವುದು. “ನಮ್ಮ ಒಣಮೀನಿನ ಚಟ್ನಿಯೇ ಅಲ್ಲವಾ,” ಎಂದೆ. ಹೌದು, ಹುರಿಯುವ ಬದಲು ಕರಗಿಸುತ್ತಾರೆ ಎಂದರು. ಹಿಟ್ಟಿನೊಳಗೆ ಮಾಂಸ ತುಂಬಿದ ಚಿಕ್ಕ ಕಡುಬು ಮಾಡಿ, ಬೇಯಿಸಿ, ಬಟ್ಟಲಿಗೆ ಹಾಕಿ, ಅದರ ಮೇಲೆ ನೇರ ವೈನನ್ನೇ ಸುರಿದು ತಿನ್ನುತ್ತಿದ್ದಳಂತೆ ಮುದುಕಿ. ಕೊನೆಗೆ ಬಟ್ಟಲು ಎತ್ತಿ ಕುಡಿದುಬಿಡುವುದು. ನನಗೆ ಅದರಲ್ಲಿ ವಿಚಿತ್ರ ಕಾಣಲಿಲ್ಲ. ನಾವು ಗಂಜಿಗೆ ಮಜ್ಜಿಗೆ ಸುರಿಯುವುದಿಲ್ಲವೇ.

“ಮಾತಾಡ್ತಿದ್ದದ್ದು ಯಾವ ಭಾಷೆ?” ಎಂದು ಒಮ್ಮೆ ಕೇಳಿದೆ.

“ಮೊದಲಿಗೆ ನಾನು ಕೊಂಕಣಿ, ಅವಳು ಅವಳದ್ದು.”

“ಅರ್ಥ ಆಗ್ತಿತ್ತಾ?”

“ಉಪ್ಪು ಬೇಕಾ ಸಾಕಾ ಅಂತ ಗೊತ್ತಾದ್ರೆ ಆಯ್ತಲ್ಲ ಅಕ್ಕ. ಬೇರೆ ಎಂತ ಮಾತಾಡ್ಲಿಕ್ಕುಂಟು?”

ಆ ಮನೆಗೆ ಯಾರೂ ಬರುತ್ತಿರಲಿಲ್ಲ. ಮಕ್ಕಳು ಹಬ್ಬಕ್ಕೆ ಬಂದು ಸಂಜೆಯೊಳಗೆ ಹೊರಡುವವರು. ಹಿಮ ಬಿದ್ದರೆ ಅದೂ ಇಲ್ಲ. ಇಬ್ಬರು ಹೆಂಗಸರು, ಒಂದು ಮೇಜು, ಅರ್ಧರ್ಧ ಲೋಟ. ಊಟ ಎಷ್ಟು ಹೊತ್ತು ಎಳೆದರೆ ಮಧ್ಯಾಹ್ನ ಅಷ್ಟು ಕಡಿಮೆ. ಬಾಯಮ್ಮ ನಮ್ಮ ಮನೆಯಲ್ಲೂ ಹಾಗೇ ತಿನ್ನುತ್ತಿದ್ದರು, ಒಂದು ತುತ್ತು, ಸ್ವಲ್ಪ ಕೂರುವುದು, ಇನ್ನೊಂದು ತುತ್ತು. ನಾನು ತಟ್ಟೆ ತೊಳೆದು ಬರುವಾಗಲೂ ಅನ್ನದ ಗುಡ್ಡೆ ಹಾಗೇ ಇರುತ್ತಿತ್ತು. “ನಿಮ್ಮ ಅನ್ನ ಓಡಿ ಹೋಗ್ತದಾ?” ಎಂದು ನನ್ನನ್ನು ಕೇಳುತ್ತಿದ್ದರು. ಮಕ್ಕಳು ಮರಿ ಇದ್ದ ಮನೆಯಲ್ಲಿ ಹೆಂಗಸರು ನಿಧಾನವಾಗಿ ತಿನ್ನಲು ಕಲಿಯುವುದಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ.

ಹೋಟೆಲಿನಲ್ಲಿ ಅವರಿಗೆ ಹೆಸರು ಬಂದದ್ದು ಒಂದು ಮಾಂಸದ ಗೊಜ್ಜಿನಿಂದ. ನೋನಾಳ ಊರಿನಲ್ಲಿ ಅದಕ್ಕೆ ವೈನು ಸುರಿದು ಗಂಟೆಗಟ್ಟಲೆ ಬೇಯಿಸುತ್ತಾರೆ. ಇಲ್ಲಿ ವೈನಿಲ್ಲ. ಬಾಯಮ್ಮ ನನ್ನ ಪುನರ್ಪುಳಿ ಸಿಪ್ಪೆ ಒಯ್ದು ಅದರ ರಸ ಹಾಕಿದರು. ಒಂದು ದಿನ ಊಟಕ್ಕೆ ಬಂದ ಗಿರಾಕಿಯೊಬ್ಬರು ಎರಡು ತುತ್ತು ತಿಂದು ಚಮಚ ಕೆಳಗಿಟ್ಟರಂತೆ. ಇಟಲಿಯಲ್ಲಿ ಓದಿ ಬಂದವರು. ಇದರಲ್ಲಿ ವೈನಿದೆ, ಹರಾಮ್, ನಾನು ಮುಟ್ಟುವುದಿಲ್ಲ ಎಂದು ಹಟ. ಮ್ಯಾನೇಜರ್ ಬೆವರಿದ. ಬಾಯಮ್ಮ ಅಡುಗೆಮನೆಯಿಂದ ಒಂದು ತಟ್ಟೆಯಲ್ಲಿ ಸಿಪ್ಪೆ ತಂದು ಅವರ ಮುಂದಿಟ್ಟರು. ಅವರು ಒಂದನ್ನು ಬಾಯಿಗೆ ಹಾಕಿ, ಹುಳಿಗೆ ಕಣ್ಣು ಕಿವುಚಿ, ನಕ್ಕು, ಊಟ ಪೂರ್ತಿ ಮಾಡಿದರು. ಆಮೇಲೆ ಪ್ರತಿ ವಾರ ಬರುತ್ತಿದ್ದರಂತೆ. ಬಾಯಮ್ಮ ಹೆಮ್ಮೆಯಿಂದ ಹೇಳಿಕೊಂಡ ಸಂಗತಿ ಅದೊಂದೇ.

ಆಮೇಲೆ ಆ ಜ್ವರದ ಕಾಲ ಬಂತು. ಹೊರಗೆ ಕರ್ಫ್ಯೂ, ಒಳಗೆ ಬಾಯಮ್ಮನಿಗೆ ಜ್ವರ. ರೂಮಿನ ಬಾಗಿಲಲ್ಲಿ ಗಂಜಿ ಇಟ್ಟು, ಬಾಗಿಲು ಬಡಿದು, ದೂರ ನಿಲ್ಲುತ್ತಿದ್ದೆ. ಬದುಕಿದರು. ಹೋಟೆಲ್ ತೆರೆಯಿತು, ಕೆಲಸಕ್ಕೆ ಹೋದರು. ಮೊದಲಿಗಿಂತ ಮಾತು ಕಡಿಮೆಯಾಯಿತು. ಇದಕ್ಕೆ ಬಾರ್ಬೇರಾ ಸೇರುತ್ತದಾ ಎಂದರೆ “ಸೇರ್ತದೆ” ಎಂದು ಮಾತ್ರ ಹೇಳುವವರು. ಎಲ್ಲದಕ್ಕೂ ಸೇರ್ತದೆ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ. ಹಿಂದಿನ ದಿನದ ಸೌತೆಕಾಯಿ ಸಾಂಬಾರನ್ನು ಮಗಳು ಫ್ರಿಜ್ಜಿಗೆ ಇಡಲು ಮರೆತಿದ್ದಳು. ಚೆಲ್ಲಬೇಕೆಂದು ಬದಿಗಿಟ್ಟು ನಾನು ಬಟ್ಟೆ ಒಣಗಿಸಲು ಹೋದೆ. ಬರುವಾಗ ಬಾಯಮ್ಮ ಅದನ್ನೇ ಅನ್ನಕ್ಕೆ ಸುರಿದುಕೊಂಡು ಕುಳಿತಿದ್ದಾರೆ. ತೆಂಗಿನಕಾಯಿ ಹಳಸಿದ ನಾತ ಮುಂದಿನ ಕೋಣೆಯವರೆಗೆ ಬರುತ್ತಿತ್ತು.

“ಇವತ್ತು ಹುಳಿ ಸರಿ ಬಿದ್ದಿದೆ ಅಕ್ಕ,” ಎಂದರು.

ನಾನು ತಟ್ಟೆ ಎಳೆದುಕೊಂಡೆ. “ನಿಮ್ಮ ಮೂಗು ಸತ್ತಿದೆಯಾ?”

ಅವರು ಅಳುವವರಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಳಿಸಿ, ಎದ್ದು ಕೈ ತೊಳೆದು ಬಂದು ಕುಳಿತರು.

“ಜ್ವರ ಹೋಯ್ತು, ಮೂಗನ್ನೂ ತಗೊಂಡು ಹೋಯ್ತು. ಉಪ್ಪು, ಹುಳಿ, ಖಾರ, ಸಿಹಿ ಗೊತ್ತಾಗ್ತದೆ. ವಾಸನೆ ಇಲ್ಲ. ಯಾರಿಗೂ ಹೇಳ್ಬೇಡಿ ಅಕ್ಕ.”

“ಡಾಕ್ಟ್ರು?”

“ಬರಬಹುದು, ಬರದೆಯೂ ಇರಬಹುದು ಅಂದ್ರು.”

“ಹೋಟ್ಲಲ್ಲಿ ಹೇಗೆ ಅಡಿಗೆ ಮಾಡ್ತೀರಿ?”

“ಕೈ ಲೆಕ್ಕದಲ್ಲಿ. ಹುಳಿಯ ಲೆಕ್ಕದಲ್ಲಿ. ಆದ್ರೆ ಒಂದು ದಿನ ಸೀದು ಹೋಗ್ತದೆ, ಇಲ್ಲ ಹಳಸಿದ್ದನ್ನು ಹಾಕ್ತೇನೆ. ಆ ದಿನ ಖಲಾಸ್.”

ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಹೋಟೆಲಿನದ್ದು. ಕೆಲಸ ಹೋದರೆ ದೇಶ ಬಿಡಬೇಕು. ಬಿಟ್ಟು ಹೋಗುವುದೆಲ್ಲಿಗೆ ಎನ್ನುವುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾನು ಹೇಳಿದೆ: “ನಂಗೆ ಮೂಗುಂಟು. ಮೂಗಿಗೆ ಬೇರೆ ಕೆಲಸವೂ ಇಲ್ಲ. ತನ್ನಿ.”

ಹೀಗೆ ಶುರುವಾಯಿತು. ಮರುದಿನಕ್ಕೆ ಬೇಕಾದ ಗೊಜ್ಜುಗಳನ್ನು ಬಾಯಮ್ಮ ಹಿಂದಿನ ದಿನವೇ ಮಾಡಿ ತಣ್ಣಗೆ ಇಟ್ಟು ಬರುತ್ತಿದ್ದರು. ಒಂದೊಂದರಿಂದ ಒಂದೆರಡು ಚಮಚ ಚಿಕ್ಕ ಡಬ್ಬಿಗೆ ಹಾಕಿ ಮನೆಗೆ ತರುವುದು. ಬೆಳಿಗ್ಗೆ ನಾನು ಬಿಸಿ ಮಾಡಿ ಮೂಸಿ, ನೆಕ್ಕಿ, ಹೇಳುವುದು. ಮಧ್ಯಾಹ್ನ ಅವರು ಹೋಗಿ, ಗಿರಾಕಿಗಳು ಬರುವ ಮೊದಲು ಸರಿಪಡಿಸುವುದು. ಜನ್ಮದಲ್ಲಿ ಇಟಾಲಿಯನ್ ಊಟ ತಿನ್ನದ ನಾನು ಆ ಹೋಟೆಲಿನ ಮೂಗಾದೆ.

ಮೊದಲ ದಿನ ಒಂದು ಡಬ್ಬಿ ತೆರೆದವಳು ಮುಚ್ಚಿಬಿಟ್ಟೆ.

“ಇದು ಹಾಳಾಗಿದೆ. ಅಳಿಯ ಶಿಫ್ಟಿನಿಂದ ಬಂದು ಬಿಚ್ಚಿದ ಸಾಕ್ಸಿನ ವಾಸನೆ.”

“ಬೆವರಿನ ಸಾಕ್ಸಾ, ನೀರಲ್ಲಿ ನೆನೆದ ಸಾಕ್ಸಾ?”

“ಬೆವರಿನದ್ದು.”

“ಹಾಗಾದ್ರೆ ಸರಿ ಇದೆ. ಅದು ಚೀಸ್.”

ನನ್ನ ಮಾತೇ ನಮ್ಮ ಅಳತೆಯಾಯಿತು. ಅಣಬೆಯದ್ದಕ್ಕೆ ಒದ್ದೆ ಗೋಣಿಯ ವಾಸನೆ ಬಂದರೆ ಸರಿ, ಇಲಿಯ ವಾಸನೆ ಬಂದರೆ ಚೆಲ್ಲಬೇಕು. ಟೊಮೆಟೊದ್ದು ಎಂದಿಗೂ ದೋಸೆ ಹಿಟ್ಟಿನ ಹಾಗೆ ಮೂಸಬಾರದು. ದೋಸೆ ಹಿಟ್ಟು ಹುಳಿ ಬಂದರೆ ನಮಗೆ ಸಂತೋಷ, ಟೊಮೆಟೊ ಹಾಗೆ ಬಂದರೆ ಗಿರಾಕಿಗೆ ಆಸ್ಪತ್ರೆ. ಮೊಮ್ಮಗಳು ಒಂದು ದಿನ ಶಾಲೆಗೆ ಹೋಗದೆ ಇದ್ದವಳು ಬಾಗಿಲಲ್ಲಿ ನಿಂತು ನೋಡಿ, “ಅಜ್ಜಿ, ವಾಟ್ ಆರ್ ಯು ಟೂ ಡೂಯಿಂಗ್?” ಎಂದಳು. ಔಷಧಿ ಎಂದೆ.

ದನದ ಮಾಂಸದ ಗೊಜ್ಜು ತಂದ ದಿನ ಬಾಯಮ್ಮ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತರು. “ಅಕ್ಕ, ಇದು ದನದ್ದು. ಮೊದಲೇ ಹೇಳ್ತಿದ್ದೇನೆ. ನೀವು ಬೇಡ ಅಂದ್ರೆ ಬೇಡ.”

“ತಿನ್ನುವುದಿಲ್ಲ, ಮೂಸ್ತೇನೆ,” ಎಂದೆ. ಮೂಸಿದ್ದಕ್ಕೆ ಜಾತಿ ಹೋಗುವುದಾದರೆ ನನ್ನದು ಎಂದೋ ಹೋಗಿದೆ. ಕೆಳಗಿನ ಹೋಟೆಲಿನ ಹೊಗೆ ಮೂರನೇ ಮಾಳಿಗೆಯ ನಮ್ಮ ಕಿಟಕಿಗೆ ದಿನಾ ಬರುತ್ತದೆ. ಮೂಸಿ, ಬೆಳ್ಳುಳ್ಳಿ ತಳ ಹಿಡಿದಿದೆ ಎಂದೆ. ಅವರು ಹೋಗಿ ಅದನ್ನು ಚೆಲ್ಲಿ ಬೇರೆ ಮಾಡಿದರು.

ಕೆಲಸವೆಲ್ಲ ಆದ ಮೇಲೆ ಒಂದು ದಿನ ಬಾಯಮ್ಮ ಲೋಟ ತೊಳೆಯುತ್ತಾ, ನನಗೆ ಬೆನ್ನು ಹಾಕಿಕೊಂಡೇ ಕೇಳಿದರು.

“ಬಾರ್ಬೇರಾದ ವಾಸನೆ ಹೇಗೆ ಅಂತ ನಾನು ಮೊದಲು ಹೇಳಿದ್ದು ನಿಮಗೆ ನೆನಪುಂಟಾ?”

“ನಿಮಗೆ ನೆನಪಿಲ್ವಾ?”

“ಬಣ್ಣ ನೆನಪುಂಟು. ಹುಳಿ ನೆನಪುಂಟು. ವಾಸನೆ ನೆನಪು ಮಾಡ್ಲಿಕ್ಕೆ ಹೋದ್ರೆ ಅಲ್ಲಿ ಎಂತದೂ ಇಲ್ಲ. ಮೂಗು ಹೋದ್ರೆ ನೆನಪೂ ಹೋಗ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ.”

ನನಗೆ ನೆನಪಿತ್ತು. ನೇರಳೆ ಹಣ್ಣು ಒಡೆದ ವಾಸನೆ, ಅದರ ಹಿಂದೆ ಸ್ವಲ್ಪ ಕರಿಮೆಣಸು, ಲೋಟ ಖಾಲಿಯಾದ ಮೇಲೆ ಬಾವಿಕಟ್ಟೆಯ ತಂಪು. ಹಾಗೆಂದೇ ಹೇಳಿದ್ದರು. ನಾನು ಹಾಗೇ ಒಪ್ಪಿಸಿದೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಅವರು ನಲ್ಲಿ ನಿಲ್ಲಿಸಿ ಕೇಳಿಸಿಕೊಂಡರು.

“ಬಾವಿಕಟ್ಟೆ ಅಂತ ಹೇಳಿದ್ನಾ?”

“ಹೇಳಿದ್ರಿ.”

“ಹೌದಾ,” ಎಂದರು. ತಮಗೆ ಪರಿಚಯವಿಲ್ಲದ ಯಾರದೋ ಸುದ್ದಿ ಕೇಳಿದವರ ಹಾಗೆ. ಮತ್ತೆ ಕೆಲವು ಸಲ ಕೇಳಿದರು, ನಾನೂ ಹೇಳಿದೆ. ಜನ್ಮದಲ್ಲಿ ಮೂಸದ ವಸ್ತುವಿನ ವಾಸನೆಯನ್ನು ನಾನು ಅವರಿಗೆ ಹೇಳುವುದು. ಆಮೇಲೆ ಕೇಳುವುದನ್ನು ಬಿಟ್ಟರು. ನಾನಾಗಿ ಹೇಳಲಿಲ್ಲ.

ಎರಡು ಚಳಿಗಾಲ ಹೀಗೇ ಕಳೆಯಿತು. ಹೋಟೆಲಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಊಟ ಕೆಡಲಿಲ್ಲ.

ಕೆಟ್ಟದ್ದು ಬೇರೆ ದಾರಿಯಲ್ಲಿ. ಹೊಸ ಸೂಪರ್ವೈಸರ್ ಬಂದ. ಅಡುಗೆಮನೆಯಿಂದ ಒಂದು ಕಾಳೂ ಹೊರಗೆ ಹೋಗಬಾರದು ಎಂಬ ಹಳೆಯ ನಿಯಮವನ್ನು ಅವನು ನಿಜವಾಗಿ ನಡೆಸಿದ. ಹಿಂದಿನ ಬಾಗಿಲಲ್ಲಿ ಎಲ್ಲರ ಚೀಲ ತೆರೆಸಿದ. ಬಾಯಮ್ಮನ ಚೀಲದಲ್ಲಿ ಡಬ್ಬಿಗಳಿದ್ದವು.

ಇದನ್ನು ನನಗೆ ಹೇಳಿದ್ದು ಹೋಟೆಲಿನ ಗಾಡಿ ಓಡಿಸುವ ಬ್ಯಾರಿ ಹುಡುಗ, ನಮ್ಮ ಊರಿನ ಕಡೆಯವನೇ. ದಿನಾ ಅವರನ್ನು ಮನೆಗೆ ಬಿಡುತ್ತಿದ್ದವನು. ಮರುದಿನ ಬೆಳಿಗ್ಗೆ ಬಾಯಮ್ಮ ರೂಮಿನಲ್ಲಿ ಇನ್ನೂ ಮಲಗಿದ್ದಾಗ ಬಂದು ಬಾಗಿಲಲ್ಲೇ ನಿಂತ, ಒಳಗೆ ಬಾ ಎಂದರೂ ಬರಲಿಲ್ಲ.

“ಅಮ್ಮ, ಅವರನ್ನು ಕೆಲ್ಸದಿಂದ ತೆಗೆದ್ರು. ಮ್ಯಾನೇಜರ್‌ಗೆ ನಂಬ್ಲಿಕ್ಕೇ ಆಗ್ಲಿಲ್ಲ. ನೀವು ದಿನಾ ಇಲ್ಲೇ ಊಟ ಮಾಡ್ತೀರಿ, ಇದೆಲ್ಲ ಯಾಕೆ ಅಂತ ಕೇಳಿದ. ಬೇರೆ ಕಾರಣ ಇದ್ರೆ ಹೇಳಿ, ನಾನು ಬಿಡಿಸ್ತೇನೆ ಅಂದ. ಮತ್ತೆ ಮತ್ತೆ ಕೇಳಿದ. ಇವರದ್ದು ಒಂದೇ ಮಾತು, ತಿನ್ಲಿಕ್ಕೆ ಅಂತ ಕದ್ದೆ.”

“ಪೊಲೀಸು?”

“ಇಲ್ಲಮ್ಮ. ಇಷ್ಟು ವರ್ಷ ಇದ್ದವರು ಅಂತ ಕೇಸು ಮಾಡ್ಲಿಲ್ಲ. ವೀಸಾ ಕ್ಯಾನ್ಸಲ್, ಟಿಕೇಟು ಕೊಡ್ತಾರೆ. ಆದ್ರೆ ಎಲ್ಲರ ಎದುರು ಹೇಳಿ ಆಯ್ತು. ನಾಳೆ ಸಾಲ್ಮಿಯಾ ಇಡೀ ಗೊತ್ತಾಗ್ತದೆ.”

ಅವನು ಹೋದ ಮೇಲೆ ನಾನು ಬಾಯಮ್ಮನ ರೂಮಿನ ಬಾಗಿಲು ಬಡಿದೆ. ಎದ್ದೇ ಇದ್ದರು, ಬಟ್ಟೆ ಮಡಚುತ್ತಿದ್ದರು. ನಾನು ಸೀರೆ ಬದಲಾಯಿಸುತ್ತೇನೆ, ಟ್ಯಾಕ್ಸಿ ಕರೆಯಿರಿ, ಮ್ಯಾನೇಜರ್ ಹತ್ತಿರ ಹೋಗೋಣ ಎಂದೆ.

“ಯಾಕೆ?”

“ಯಾಕೆ ಅಂದ್ರೆ? ಇವರು ಕದ್ದದ್ದಲ್ಲ, ನಂಗೆ ಮೂಸ್ಲಿಕ್ಕೆ ತಂದದ್ದು ಅಂತ ಹೇಳ್ತೇನೆ. ಇವರಿಗೆ ಮೂಗಿಲ್ಲ ಅಂತ ಹೇಳ್ತೇನೆ.”

ಬಾಯಮ್ಮ ಬಂದು ಬಾಗಿಲಿಗೆ ಅಡ್ಡ ನಿಂತರು. ಆ ಹೆಂಗಸು ಅಷ್ಟು ಎತ್ತರ ಎಂದು ಆ ದಿನವೇ ನನಗೆ ಕಂಡದ್ದು.

“ನೀವು ಅಲ್ಲಿಗೆ ಹೋದ್ರೆ ಮತ್ತೆ ನಾನು ನಿಮ್ಮ ಮುಖ ನೋಡುದಿಲ್ಲ.”

“ನಿಮಗೆ ತಲೆ ಸರಿ ಉಂಟಾ? ಕಳ್ಳಿ ಅಂತಾರೆ.”

“ಅನ್ನಲಿ. ಕಳ್ಳಿ ಅಂದ್ರೆ ಸ್ವಲ್ಪ ದಿನ ಮಾತಾಡ್ತಾರೆ. ಮೂಗಿಲ್ಲ ಅಂದ್ರೆ ನಾನು ಮಾಡಿ ಹಾಕಿದ್ದೆಲ್ಲ ಸುಳ್ಳು ಅಂತಾರೆ. ಆ ಗೊಜ್ಜು ತಿನ್ಲಿಕ್ಕೆ ವಾರ ವಾರ ಬರ್ತಾರಲ್ಲ, ಅವರೂ ಅದನ್ನೇ ಅಂತಾರೆ. ಕಳ್ಳಿಯ ಕೈಯ ಅಡಿಗೆ ರುಚಿ ಅಂತ ಹೇಳಿ ತಿಂತಾರೆ ಅಕ್ಕ. ಮೂಗಿಲ್ಲದವಳ ಅಡಿಗೆ ಯಾರೂ ತಿನ್ನುದಿಲ್ಲ.”

“ನಿಮ್ಮ ಮಾನ ಹೋಗುವುದಿಲ್ವಾ?”

“ನನ್ನ ಹತ್ರ ಇರುವುದು ಅದೊಂದೇ ಅಕ್ಕ, ಅಡಿಗೆ. ಬೇರೆ ಯಾವ ಮಾನ?”

ನಾನು ಹೋಗಲಿಲ್ಲ. ನನಗೆ ಅವರ ಮಾತು ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಹೋಟೆಲಿನವರ ಎದುರು ಕಳ್ಳಿ ಎನಿಸಿಕೊಂಡು ಹೊರಟವರನ್ನು ಊರಿನಲ್ಲಿ ಅವರ ತಮ್ಮನೇ ಬಾಗಿಲಿಗೂ ಸೇರಿಸಲಿಲ್ಲ. ಇಲ್ಲಿನ ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ಕೊನೆಗೆ ಸಿಸ್ಟರುಗಳ ವೃದ್ಧಾಶ್ರಮದಲ್ಲಿ ಮುದುಕಿಯರನ್ನು ನೋಡಿಕೊಂಡು, ಅಲ್ಲೇ ಒಬ್ಬ ಮುದುಕಿಯಾಗಿ ಹೋದರು. ಅಡುಗೆಮನೆಗೆ ಮಾತ್ರ ಕಾಲಿಡಲಿಲ್ಲವಂತೆ. ಫೋನಿನಲ್ಲಿ ನಾನು ಕೇಳಿದರೆ, “ಇಲ್ಲಿ ಅಡಿಗೆಗೆ ಬೇರೆ ಜನ ಉಂಟು” ಎನ್ನುತ್ತಿದ್ದರು. ಮೂಗು ಬಂತಾ ಎಂದು ನಾನು ಕೇಳುತ್ತಿರಲಿಲ್ಲ. ಬಂದಿದ್ದರೆ ಹೇಳುತ್ತಿದ್ದರು.

ಅವರು ಇಲ್ಲಿಂದ ಹೊರಟ ಮೇಲೆ ರೂಮಿಗೆ ಬೇರೆ ಜನ ಬಂದರು, ಗಂಡ ಹೆಂ‌ಡತಿ, ಇಬ್ಬರೂ ಬೆಳಿಗ್ಗೆಯೇ ಹೊರಡುವವರು. ನನ್ನ ಮಧ್ಯಾಹ್ನದ ಊಟ ಈಗ ನಿಂತುಕೊಂಡೇ ಮುಗಿಯುತ್ತದೆ.

ಈಗ ಇದನ್ನು ಓದುವವರು ಕೇಳಬಹುದು, ಆಕೆ ಬೇಡ ಎಂದದ್ದನ್ನು ನೀನು ಯಾಕೆ ಬರೆದೆ ಎಂದು. ಬಿಸ್ಕತ್ತು ಅದ್ದಿ ಅದ್ದಿ ಮಾತಾಡಿದ ಆ ಹೆಂಗಸಿಗಾಗಿ ಬರೆದೆ. ಬಾಯಮ್ಮ ಕದ್ದವರಲ್ಲ. ಮೂಗಿಲ್ಲದೆ ಎರಡು ಚಳಿಗಾಲ ಅಡುಗೆ ಮಾಡಿ, ಒಂದು ತಟ್ಟೆಯನ್ನೂ ಕೆಡಿಸದವರು. ಸುಳ್ಳು ಎನ್ನುವವರು ಎನ್ನಲಿ, ಆ ಗೊಜ್ಜು ತಿಂದ ಬಾಯಿಗಳು ಕುವೈತಿನಲ್ಲಿ ಇನ್ನೂ ಇವೆ.

ಹೊರಟ ದಿನ ಸೂಟ್‌ಕೇಸನ್ನು ಬ್ಯಾರಿ ಹುಡುಗ ಕೆಳಗೆ ಒಯ್ದಿದ್ದ. ಮಗಳು ಆಫೀಸಿನಲ್ಲಿ, ಅಳಿಯ ಶಿಫ್ಟಿನಲ್ಲಿ. ಬಾಯಮ್ಮ ಚಪ್ಪಲಿ ಹಾಕಿಕೊಂಡು ಬಾಗಿಲ ಹೊರಗೆ ನಿಂತು ನನ್ನ ಕಡೆ ತಿರುಗಿದರು.

“ಅಕ್ಕ, ನಾನು ಸತ್ತ ಮೇಲೂ ಹೇಳ್ಬಾರ್ದು. ಆಯ್ತಾ?”

ನಾನು ಹೂಂ ಎನ್ನಲಿಲ್ಲ. ಅವರು ಕಾದರು. ಲಿಫ್ಟ್ ಬಂತು, ಬಾಗಿಲು ತೆರೆದು, ಯಾರೂ ಹತ್ತದೆ ಮುಚ್ಚಿಕೊಂಡು ಕೆಳಗೆ ಹೋಯಿತು. ಆಗಲೂ ಕಾದರು.

“ಹೋಗಿ,” ಎಂದೆ. “ಹುಡುಗ ಬಿಸಿಲಲ್ಲಿ ನಿಂತಿದ್ದಾನೆ.”